ಉಪ್ಪುಬೆಣ್ಣೆ

ನಮ್ಮಜ್ಜಿ ಸೊಯಿಜಿಕ್ ಕೂಸಿನ ಹಣೆಗೆ ಮುತ್ತಿಟ್ಟು
ತುಟಿ ಚಪ್ಪರಿಸಿದಳು: "ಇವಳು ಉಪ್ಪುಪ್ಪು."
ನಾವು ನಕ್ಕೆವು. ದುವಾರ್ನೆನೆಯ ಕಡಲಗಾಳಿಗೆ
ಕಿಟಕಿಯ ಗಾಜೂ ಉಪ್ಪೇ.
ಅಜ್ಜಿ ನಗಲಿಲ್ಲ.

ನಾನು ಬೇಕರಿಯವನು. ನಸುಕಿನ ಮೂರಕ್ಕೆದ್ದು
ಹಿಟ್ಟಿನ ಮಡಿಕೆಯೊಳಗೆ ಬೆಣ್ಣೆ, ಬೆಣ್ಣೆಯ ಮೇಲೆ ಮಡಿಕೆ,
ಹಾಗೇ ಬದುಕಿದವನು. ಬೆಣ್ಣೆ ಯಾರಿಗಾದರೂ
ದಕ್ಕದೆ ಹೋದೀತೆಂದು ತೋಚಿದ್ದೇ ಇಲ್ಲ.
ಅಜೆನೋರಳ ಬಟ್ಟೆಯಲ್ಲಿ ಮಾತ್ರ
ಎಣ್ಣೆ ಮಿನುಗುವ, ಗಬ್ಬು ನಾರುವ, ನೀರಲ್ಲಿ ಮುಳುಗದ ಮಲ.
ಕುಡಿದ ಹಾಲು ಒಂದು ರಾತ್ರಿಯ ಬಾಡಿಗೆಗೂ ನಿಲ್ಲದೆ
ಹೊರಟುಹೋಗುತ್ತಿತ್ತು.
ಏಳು ವಾರದ ಕೂಸು. ಕಾಲು, ಕಡ್ಡಿ.

ಡಾಕ್ಟರಮ್ಮ ಲಕೋಟೆಯ ಹಿಂಬದಿಗೆ ಗೀಚಿದಳು:
ಕೊಬ್ಬೆಂದರೆ ಮೂರು ಬಾಲದ ಜಂತು,
ನೀರಿಗಂಜಿ ಗುಂಪುಗಟ್ಟುತ್ತದೆ.
ಪಿತ್ತ ಬಂದು ಗುಂಪು ಚದುರಿಸುತ್ತದೆ, ಅಷ್ಟೇ.
ಬಾಲ ಕತ್ತರಿಸುವುದಕ್ಕೆ ಬೇರೆ ಕಿಣ್ವವೇ ಬೇಕು, ಲೈಪೇಸ್.
ಎರಡನ್ನು ಕತ್ತರಿಸಿ ಒಂದನ್ನು ಬಿಡುತ್ತದೆ,
ಆಮೇಲೆ ಕರುಳು ಬಾಗಿಲು ತೆರೆಯುತ್ತದೆ.
ಇವಳೊಳಗೂ ಆ ಕತ್ತರಿ ಇತ್ತು.
ಮೇದೋಜೀರಕದ ಓಣಿ ಗೋಂದಿನಂಥ ಲೋಳೆಗೆ ಕಟ್ಟಿ
ಹೊರಬರಲಾಗದ ಕತ್ತರಿ
ಮನೆಯನ್ನೇ ಕತ್ತರಿಸತೊಡಗಿದೆ.

"ಹಾಗಾದರೆ?"
"ಹಂದಿಯದನ್ನು ಕೊಡೋಣ."

ನಮ್ಮ ಬೇಲಿಯಾಚೆ ಗ್ವೆನೋಲೆಯ ಹಂದಿಗಳು.
ಅವುಗಳ ನಾತದ ಮೇಲೆ ಮುನಿಸಿಪಾಲಿಟಿಗೆ
ಎರಡು ಸಲ ಅರ್ಜಿ ಹಾಕಿದ್ದೆ.
ಮರುದಿನ ಹೋಗಿ ವಾಪಸು ಪಡೆದೆ.
ಕಾರಣ ಬರೆಯುವ ಸಾಲು ಖಾಲಿ ಬಿಟ್ಟೆ.

ಸೇಬಿನ ತಿರುಳಲ್ಲಿ ಗಸಗಸೆಯಂಥ ಕಂದು ಕಾಳು.
ಹಲ್ಲಿಲ್ಲದ ಬಾಯಿ, ಆದರೂ ಒಸಡಿನ ಸಂದಿ
ಬೆರಳಾಡಿಸಿ ನೋಡಬೇಕು.
ಅಲ್ಲೇ ಉಳಿದರೆ ಬಾಯಿಯನ್ನೇ ಅರಗಿಸಲು ಕೂರುತ್ತವೆ.
ಜಠರದ ಹುಳಿ ದಾಟುವ ತನಕ
ಕೋಟು ಬಿಚ್ಚದ ಪ್ರಯಾಣಿಕರು.
ಹದಿನೈದು ದಿನಕ್ಕೆ ಕೆನ್ನೆ ಮೂಡಿತು.
ಅವಳ ತಾಯಿ ತಕ್ಕಡಿಯ ಮುಂದೆ ನಿಂತು ಅತ್ತಳು,
ಸಕ್ಕರೆ ತೂಗುವ ನನ್ನ ಹಳೇ ತಕ್ಕಡಿ.

ಈಗವಳಿಗೆ ಒಂಬತ್ತು. ಒಲೆಯಿಂದ ತೆಗೆದ ಬೆಣ್ಣೆರೊಟ್ಟಿಯ ಎದುರು
ಹಳೇ ಶಾನುಭೋಗರ ಗತ್ತು:
"ಅಪ್ಪಾ, ಈ ತುಂಡಲ್ಲಿ ಎಷ್ಟು ಗ್ರಾಂ?"
ಕಣ್ಣಳತೆಯಲ್ಲೇ ಮಾರಿದವನು ನಾನು,
ಇವಳಿಗೆ ಮಾತ್ರ ತೂಗಿ ಹೇಳುತ್ತೇನೆ.
"ಇಪ್ಪತ್ತೆರಡು."
"ಹಾಗಾದರೆ ನಾಲ್ಕು."
ನಾಲ್ಕು ಕ್ಯಾಪ್ಸೂಲು, ಒಂದು ಗುಟುಕು ನೀರು, ಆಮೇಲೆ ಹಲ್ಲು.
ಕೆಮ್ಮು ಇದ್ದೇ ಇದೆ. ಅದಕ್ಕೆ ಬೇರೆ ಲೆಕ್ಕ.

ಕೊನೆಯ ತುಣುಕನ್ನು ಅವಳು ತಿನ್ನುವುದಿಲ್ಲ.
ಬೇಲಿಗೆ ಹೋಗಿ ಆಚೆ ಎಸೆಯುತ್ತಾಳೆ.
ಕಾನೂನು ಒಪ್ಪುವುದಿಲ್ಲ; ಗ್ವೆನೋಲೆ
ಟ್ರಾಕ್ಟರಿನ ಚಕ್ರದಲ್ಲಿ ಏನೋ ಹುಡುಕುತ್ತಿರುತ್ತಾನೆ.
ಹಂದಿ ಮೂಸುವುದೂ ಇಲ್ಲ,
ಎಷ್ಟು ಗ್ರಾಂ ಎಂದು ಕೇಳುವುದೂ ಇಲ್ಲ.