ಸಮಜಾಯಿಷಿ

ಮಾನ್ಯ ಡಿಪೋ ಮ್ಯಾನೇಜರ್ ಅವರಿಗೆ,
ನಿಮ್ಮ ಮೆಮೊ ತಲುಪಿದೆ.
ಶಿವಮೊಗ್ಗ–ತೀರ್ಥಹಳ್ಳಿ, ಬೆಳಗಿನ ಏಳೂ ಹತ್ತರ ಬಸ್ಸು,
ಏಳನೇ ಸೀಟಿನವರ ದೂರು:
‘ಕಂಡಕ್ಟರ್ ಚೌಡಮ್ಮ ದುರುಗುಟ್ಟಿ ನೋಡುತ್ತಾರೆ.’

ನೋಡಿದ್ದು ನಿಜ ಸಾರ್.
ದುರುಗುಟ್ಟಿದ್ದು ನಾನಲ್ಲ.
ಕತ್ತಿನ ಬುಡದಲ್ಲಿ ಒಂದು ಗ್ರಂಥಿ ಇದೆಯಂತೆ,
ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ.
ಅದಕ್ಕೀಗ ಆತುರ ಹತ್ತಿದೆ.
ಎದೆಯನ್ನು ಬ್ರೇಕಿಲ್ಲದೆ ಆಗುಂಬೆ ಘಾಟಿ ಇಳಿಸುತ್ತದೆ,
ಹೊತ್ತಿಗೆ ಎರಡು ಪಾಲು ಉಂಡರೂ ಯೂನಿಫಾರಂ ಸಡಿಲ.
ಸಾಲದ್ದಕ್ಕೆ ಕಣ್ಣುಗುಡ್ಡೆಗಳನ್ನು ಹಿಂದಿನಿಂದ ಏನೋ ನೂಕುತ್ತಿದೆ,
ರಶ್ಶಿನಲ್ಲಿ ಒಳಗಿನವರು ಫುಟ್‌ಬೋರ್ಡಿಗೆ ನೂಕಿದ ಹಾಗೆ.
ರೆಪ್ಪೆಗಳು ಮೇಲಕ್ಕೆ ಸರಿದು ನಿಂತಿವೆ,
ತುಕ್ಕು ಹಿಡಿದ ಕಿಟಕಿ ಷಟರು,
ಎಳೆದರೂ ಪೂರ್ತಿ ಬೀಳುವುದಿಲ್ಲ.

ಮೆಮೊದಲ್ಲಿ ಬರೆಯದ ಲಾಭವೂ ಉಂಟು:
ಗಾಜನೂರಿನ ಕಾಲೇಜು ಹುಡುಗರು ಕೇಳದೆಯೇ ಪಾಸು ತೋರಿಸುತ್ತಾರೆ.
ಐನೂರರ ನೋಟು ಮುಂದೊಡ್ಡುತ್ತಿದ್ದವರ ಜೇಬಲ್ಲಿ
ಚಿಲ್ಲರೆ ಹುಟ್ಟಿದೆ.
ಮಂಡಗದ್ದೆಯಲ್ಲಿ ಹತ್ತಿದ ಅಜ್ಜಿಯೊಬ್ಬರು
ನನ್ನ ಎದೆಯ ಮೇಲಿನ ಹೆಸರನ್ನು ಮೊಮ್ಮಗನಿಂದ ಓದಿಸಿಕೊಂಡು
ಮುಖ ನೋಡಿ, ಚೀಲ ಕೆಳಗಿಟ್ಟು, ಕೈ ಮುಗಿದರು.
ಆಶೀರ್ವಾದದ ಬದಲು
ಶೂನ್ಯ ಟಿಕೆಟ್ ಹರಿದು ಕೊಟ್ಟೆ.

ಗಾಳಿ, ಸಾರ್. ಮುಂಬಾಗಿಲ ಗಾಳಿ.
ಹೊಳೆಯ ಮಗ್ಗುಲಿಗೆ ಬಸ್ಸು ತಿರುಗಿದರೆ
ಕಣ್ಣಲ್ಲಿ ಮರಳು ಅರೆದ ಹಾಗೆ.
ನೀರೋ ದಳದಳ ಸುರಿಯುತ್ತದೆ.
‘ಮನೇಲಿ ಏನಾದ್ರೂ...?’ ಎಂದು ದನಿ ತಗ್ಗಿಸುತ್ತಾರೆ ಸೀಟಿನವರು.
ಏನೂ ಇಲ್ಲ.

ಮೆಗ್ಗಾನ್ ಆಸ್ಪತ್ರೆಯಲ್ಲಿ ಡಾಕ್ಟರಮ್ಮ
ಮರಗಟ್ಟಿಸುವ ಹನಿ ಬಿಟ್ಟು
ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ
ಗಡಿಯಾರ ನೋಡುತ್ತ ನಿಂತರು, ಐದು ನಿಮಿಷ.
ಟಿಕೆಟ್ಟಿನ ಅಂಚಿನಂಥ ಪಟ್ಟಿ, ಮೇಲೆ ಮಿಲಿಮೀಟರಿನ ಗೆರೆಗಳು.
ಹತ್ತನ್ನಾದರೂ ದಾಟಬೇಕಿತ್ತಂತೆ.
ನನ್ನ ಕಣ್ಣೀರು ನಾಲ್ಕಕ್ಕೇ ನಿಂತಿತ್ತು,
ತೀರ್ಥಹಳ್ಳಿಗೆ ಟಿಕೆಟ್ ತಗೊಂಡು
ಸಕ್ಕರೆಬೈಲಿಗೇ ಇಳಿದುಹೋದವರ ಹಾಗೆ.

ಮತ್ತೆ ಇಷ್ಟು ಸುರಿಯುತ್ತಲ್ಲ, ಅಂದೆ.
ಉರಿಗೆ ಬೆದರಿ ಓಡಿಬರುವ ನೀರು ಬೇರೆ, ಅಂದರು,
ಸದ್ದಿಲ್ಲದೆ ಕಣ್ಣಿಗೆ ಅಂಟಿ ಕೂತಿರಬೇಕಾದ್ದು ಬೇರೆ.
ಅದರ ಮೇಲೆ ಎಣ್ಣೆಯದೊಂದು ಪದರ,
ಸಾರಿನ ಮೇಲೆ ತೇಲುವ ಒಗ್ಗರಣೆಗಿಂತ ತೆಳು.
ಮೂವತ್ತೊಂಬತ್ತು ವರ್ಷ ಅದರ ಮೂಲಕವೇ ನೋಡಿದ್ದೇನೆ,
ಅದನ್ನು ಒಮ್ಮೆಯೂ ನೋಡಿಲ್ಲ.

ರಾತ್ರಿ ಮುಲಾಮು. ಆಮೇಲೆ ಮಗಳು ವರ್ಷಿಣಿ
ನೋಟುಬುಕ್ಕಿಗೆ ಬೈಂಡು ಹಾಕುವ ಶ್ರದ್ಧೆಯಲ್ಲಿ
ನನ್ನ ರೆಪ್ಪೆಗಳಿಗೆ ಬಿಳಿ ಪಟ್ಟಿ ಅಂಟಿಸುತ್ತಾಳೆ.
‘ಈಗ ಏನೂ ಕಾಣ್ತಿಲ್ಲ ಅಲ್ವಾ?’
ಇಲ್ಲ ಅಂತೀನಿ.
ಅಂಚಿನ ಸಣ್ಣ ಸಂದಿಯಲ್ಲಿ
ಅವಳ ಹೆಬ್ಬೆರಳು ಕಾಣುತ್ತಿರುತ್ತದೆ.

ಆದ್ದರಿಂದ ಮಾನ್ಯರೆ,
ಮದ್ದು ಹಿಡಿಯುವ ತನಕ ಹಿಂಬದಿಯ ಸೀಟು ದಯಪಾಲಿಸಬೇಕಾಗಿಯೂ,
ಹನಿ ಬಿಟ್ಟುಕೊಳ್ಳಲು ಮಂಡಗದ್ದೆಯಲ್ಲಿ
ಅರ್ಧ ನಿಮಿಷ ನಿಲ್ಲಿಸಲು ಅಪ್ಪಣೆ ಕೊಡಬೇಕಾಗಿಯೂ ಪ್ರಾರ್ಥನೆ.
ಏಳನೇ ಸೀಟಿನವರಿಗೆ ತಿಳಿಸಿ,
ಅವತ್ತು ನಾನು ನೋಡುತ್ತಿದ್ದದ್ದು ಅವರನ್ನಲ್ಲ.
ಅವರಾಚೆ, ಕಿಟಕಿಯಲ್ಲಿ,
ತುಂಗೆ ಎರಡಾಗಿ ಹರಿಯುತ್ತಿತ್ತು.
ಯಾವುದು ನಿಜದ್ದು ಎಂದು
ನೋಡುತ್ತಿದ್ದೆ.