ಷರಾ

ಎಂಬತ್ತು ವಹಿ. ರಟ್ಟಿಗೆಲ್ಲ ಹೊಗೆಮೀನಿನ ವಾಸನೆ.
ಹಿಯುಮಾ ದ್ವೀಪದ ಪಡುವಣ ತುದಿಯಿಂದ
ಆಲೂಗೆಡ್ಡೆಯ ಪೆಟ್ಟಿಗೆಗಳಲ್ಲಿ ಬಂದವು ನನ್ನ ಮೇಜಿಗೆ.
ಅಂಕಿ ನೋಡು, ಅಂಕಿ ಹೊಡಿ, ಅಂದರು ಹವಾಮಾನ ಕಚೇರಿಯಲ್ಲಿ;
ಷರಾ ಕಾಲಂ ಬೇಡ.

ಮೊದಲ ಪುಟ ಇಸವಿ ಇಪ್ಪತ್ತನಾಲ್ಕರದು.
ಅಪ್ಪನ ಕಣ್ಣಿಗೆ ಪೊರೆ ಬಂದು ಪಾದರಸ ಕಾಣದಾಗಿ
ಹದಿನಾರರ ಆಲ್ವಿನೆ ಏಣಿ ಹತ್ತಿದಳು.
ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತು.
ಗಾಳಿ ಯಾವ ಕಡೆ, ಮಳೆ ಎಷ್ಟು, ಮೋಡ ಹತ್ತರಲ್ಲಿ ಎಷ್ಟು ಪಾಲು.
ಮದುವೆಯ ದಿನವೂ ಮೂರು ಸಲ. ಷರಾ: ಜೇನು ಹೊರಬಿದ್ದಿದೆ.
ಕಾಲ್ಯು ಹುಟ್ಟಿದ ದಿನ ಮಾತ್ರ
ಮಧ್ಯಾಹ್ನದ್ದು ಗಂಡನ ಕೈಬರಹ,
ಮೋಡ ಹತ್ತರಲ್ಲಿ ಹನ್ನೊಂದು.

ನಲವತ್ತರಲ್ಲಿ ಗಡಿಯಾರ ಮಾಸ್ಕೋಗೆ ತಿರುಗಿತು,
ಮರುವರ್ಷ ಬರ್ಲಿನ್ನಿಗೆ,
ನಲವತ್ತನಾಲ್ಕರಲ್ಲಿ ಮತ್ತೆ ಮಾಸ್ಕೋಗೆ.
ಏಳು ಅಂದರೆ ಯಾರ ಏಳು? ಕೇಳುವಂತಿರಲಿಲ್ಲ.
ಕೋಳಿಗೆ ಹುಕುಂ ಮುಟ್ಟಲಿಲ್ಲ.
ಅವಳು ಕೋಳಿಯ ಪಕ್ಷ.

ನಲವತ್ತೊಂಬತ್ತರ ಮಾರ್ಚಿ ಇಪ್ಪತ್ತೈದು:
ವಾಯವ್ಯ ಗಾಳಿ, ಹಸಿ ಹಿಮ.
ಷರಾ: ದಾರಿಯಲ್ಲಿ ಲಾರಿ ಚಕ್ರದ ಗುರುತು, ಆಳ.
ಇಪ್ಪತ್ತಾರು: ಪಕ್ಕದ ಮನೆಯ ಹಸು ಕರೆಯುವುದಕ್ಕೆ ಯಾರೂ ಇಲ್ಲ.
ಇಪ್ಪತ್ತೇಳು: ಕೂಗು ನಿಂತಿದೆ. ನಾನೇ ಕರೆದೆ.

ಆಮೇಲೆ ಕಡಲಿಗೇ ಬೇಲಿ.
ಸಂಜೆಯಾದರೆ ಸೈನಿಕರು ದಡದ ಮರಳಿಗೆ ಹಲುಬೆ ಎಳೆದರು,
ಬೆಳಿಗ್ಗೆ ಹೆಜ್ಜೆ ಮೂಡಿದೆಯೇ ನೋಡಲು.
ಬಿತ್ತನೆಯಿಲ್ಲದ ಹೊಲ, ದಿನವೂ ಉತ್ತದ್ದು.
ಮಳೆಮಾಪಕದ ತನಕ ಹೋಗಿಬರಲು ಅವಳಿಗೆ ಚೀಟಿ ಬೇಕಿತ್ತು.

ಎಂಬತ್ತೊಂಬತ್ತರ ಆಗಸ್ಟಿನಲ್ಲಿ
ಮೂರು ನಾಡಿನ ಜನ ರಸ್ತೆಯುದ್ದ ಕೈಕೈ ಹಿಡಿದು ನಿಂತ ಸಂಜೆ
ಕಾಲ್ಯು ಕರೆಯಲು ಬಂದಿದ್ದ.
ಷರಾ: ಹೋದರೆ ಒಂಬತ್ತರದ್ದು ಯಾರು ಬರೆದಾರು?
ತೊಂಬತ್ತನಾಲ್ಕರಲ್ಲಿ, ಆ ದೊಡ್ಡ ಹಡಗು ಮುಳುಗಿದ ರಾತ್ರಿ,
ಅಂಕಿಯಿದೆ; ಷರಾ ಇಲ್ಲ.
ನಿಬ್ಬು ಕಾಗದ ಹರಿದಿದೆ.

ಇಷ್ಟೆಲ್ಲ ಅಂಕಿಗಳಲ್ಲಿ ಒಂದೇ ಒಂದು
ನೆರೆಯ ದೀಪಸ್ತಂಭದ ವಹಿಗೆ ತಾಳೆಯಾಗಲಿಲ್ಲ.
ನಲವತ್ತನಾಲ್ಕರ ಸೆಪ್ಟೆಂಬರು, ರಾತ್ರಿ ಒಂಬತ್ತು: ದಟ್ಟ ಮಂಜು.
ಅಲ್ಲಿ ನೋಡಿದರೆ, ನಿರಭ್ರ.

ಕೇಳಲು ಹೋದೆ. ನೂರು ತುಂಬಿತ್ತು.
ಯಂತ್ರ ಬಂದು ಐದು ವರ್ಷ, ಸಂಬಳವಿಲ್ಲ,
ಮರಿಮಗಳ ಕಾಪಿಪುಸ್ತಕದಲ್ಲಿ ಬರೆಯುತ್ತಲೇ ಇದ್ದಳು.
‘ಗಸ್ತುದೋಣಿಯವರು ಹೊರಡುವ ಮುಂಚೆ ಫೋನು ಮಾಡಿ ಕೇಳುತ್ತಿದ್ದರು,’ ಅಂದಳು.
‘ಮಂಜು ಅಂದೆ. ಹನ್ನೊಂದು ಜನ, ಓಸ್ವಾಲ್ದ್ ಸೇರಿ.
ಹುಡುಗನಿಗೆ ನಾಯಿಕೆಮ್ಮು. ಮುಂದಿನ ದೋಣಿಗೆ ಬರುತ್ತೇನೆ ಅಂದಿದ್ದೆ.’
ಸ್ವೀಡನ್ನಿಗೆ ಮುಟ್ಟಿದರೇ?
‘ಕಾಗದ ಬರಲಿಲ್ಲ. ಆಗ ಯಾರ ಕಾಗದ ಬರುತ್ತಿತ್ತು?’
ಸ್ವಲ್ಪ ಹೊತ್ತು ಬಿಟ್ಟು:
‘ಹಾಯಿಗೆ ಹಾಕಿದ ತೇಪೆ ನನ್ನ ಲಂಗದ್ದು.
ಬೆಳದಿಂಗಳಲ್ಲಿ ಬಹಳ ದೂರ ಕಂಡಿತು.
ತಿದ್ದಿಕೋ. ನಿರಭ್ರ ಅಂತ ಹಾಕು.’

ಹಾಕಲಿಲ್ಲ.
ಆ ದೋಣಿ ಇನ್ನೂ ನಡುನೀರಿನಲ್ಲಿದ್ದರೆ?

ಅಷ್ಟರಲ್ಲಿ ಒಂದು ಗಂಟೆ.
ಮಂಡಿ ಹಿಡಿದಿದೆ, ನೀನೇ ಹತ್ತು, ಅಂದಳು.
ಹತ್ತಿ, ಪೆಟ್ಟಿಗೆಯ ಬಾಗಿಲು ತೆಗೆದು, ನಾಲ್ಕು! ಎಂದು ಕೂಗಿದೆ.
ಕೆಳಗಿನಿಂದ, ಗದರುವ ದನಿ:
ನಾಲ್ಕೋ, ನಾಲ್ಕೂ ಚಿಲ್ಲರೆಯೋ?