ಗಾಳಿಗೋಪುರ

ನಮ್ಮಲ್ಲಿ ಇಲ್ಲದ್ದಕ್ಕೆ ಹಾಗನ್ನುತ್ತಾರೆ.
ನಾನು ಅದರ ಬುಡದಲ್ಲೇ ಚಾಪೆ ಹಾಸಿ
ಎರಡು ಬೇಸಿಗೆ ಮಲಗಿದ್ದೆ, ಬಹರೈನಿನ ಮುಹರ್ರಕ್‌ನಲ್ಲಿ.

ಮುತ್ತಿನ ವ್ಯಾಪಾರಿಯ ಮನೆ; ಹವಳದ ಕಲ್ಲು, ಸುಣ್ಣ.
ನಾವು ಹನ್ನೊಂದು ಮಂದಿ, ಒಂದೇ ಸ್ಟವ್.
ಮಸಿ ಹಿಡಿದ ಗೋಡೆಯ ಗಾರೆಹೂಗಳಿಗೆ
ಮೊಳೆ ಹೊಡೆದು ಅಂಗಿ ತೂಗಿದವನು ನಾನೇ.
ದೂರುವುದಾದರೆ ಅಲ್ಲಿಂದ ಶುರುಮಾಡಿ.

ಮಧ್ಯರಾತ್ರಿ ಕಡಲಗಾಳಿ ಮೇಲಿಂದಿಳಿದು
ಕುತ್ತಿಗೆಯ ಬೆವರು ಮುಟ್ಟಿ ನೋಡುತ್ತಿತ್ತು,
ಜ್ವರ ನೋಡುವವರ ಹಾಗೆ.

ಬುಲ್ಡೋಜರ್ ಬಂದ ದಿನ ಹಸೈನಾರ್ ಚಿಲಕ ಬಿಚ್ಚಿಕೊಂಡ.
ಬಾಗಿಲು ನಮ್ಮ ಕಡೆಯ ತೇಗದ್ದು, ವಾಸನೆಯಲ್ಲೇ ಗೊತ್ತು ಅಂದ.
ಮಧ್ಯಾಹ್ನದೊಳಗೆ ಮುಗಿಯಿತು.

ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.
ಮೊನ್ನೆ ಅದೇ ಜಾಗದಲ್ಲಿ ನಿಂತು
ಕಾಲರ್ ಸಡಿಲಿಸಿದೆ, ಸುಮ್ಮನೆ.
ಗಾಳಿ ಇತ್ತು.
ಇಳಿಯಲು ದಾರಿ ಇರಲಿಲ್ಲ.